ಷರಾ

ಆಗಸ್ಟ್. ಕ್ಯಾನ್‌ಬೆರಾದ ಬೆಳಗು
ಕಾರಿನ ಗಾಜಿನ ಮೇಲೆ ಕಲ್ಲುಪ್ಪಿನ ಹಾಗೆ ಹೆಪ್ಪುಗಟ್ಟಿದೆ.
ಹಳೆಯ ಬಸ್ ಪಾಸಿನಿಂದ ಕೆರೆದು ಕೆರೆದು
ಅಂಗೈಯಗಲ ದಾರಿ ಮಾಡಿಕೊಂಡು ಬಂದು
ಎಂಟೂವರೆಗೆ ಕೌಂಟರು ತೆರೆಯುತ್ತೇನೆ:
ಸಾರ್ವಜನಿಕ ನೀತಿ ಶಾಲೆ, ನೆಲಮಹಡಿ, ಲಿಫ್ಟಿನ ಪಕ್ಕ,
'ವಿದ್ಯಾರ್ಥಿ ನೆರವು' ಎಂಬ ಬೋರ್ಡಿನ ಕೆಳಗೆ.

ಮೇಲಿನ ಮೂರು ಮಹಡಿಗಳಲ್ಲಿ ಬಡತನವನ್ನು
ಐದು ಸಮಪಾಲು ಮಾಡಿ ಬಣ್ಣ ಹಚ್ಚಿ ತೋರಿಸುತ್ತಾರೆ.
ನನ್ನ ಹತ್ತಿರ ಅದು ಬಿಡಿಬಿಡಿಯಾಗಿ ಇಳಿದು ಬರುತ್ತದೆ:
ಬಾಡಿಗೆ, ಹಲ್ಲುನೋವು, ವೀಸಾದ ಕೊನೆಯ ದಿನಾಂಕ,
ಮನೆ ಹಂಚಿಕೊಂಡವಳು ಫ್ರಿಜ್ಜಿಗೆ ಹಾಕಿದ ಬೀಗ.

ಗಡುವು ವಿಸ್ತರಿಸಲು ಪರದೆಯಲ್ಲಿ ಒಂಬತ್ತು ಕಾರಣಗಳು.
ಒಂದನ್ನು ಒತ್ತದೆ ಮುಂದಕ್ಕೆ ಬಿಡದು.
ಅನಾರೋಗ್ಯ. ಅಪಘಾತ.
ಸಾವು, ಆದರೆ ಹತ್ತಿರದವರದು ಮಾತ್ರ.
ಅಪ್ಪನ ಚಿಕ್ಕಮ್ಮ ಹತ್ತಿರವೋ ದೂರವೋ
ಎಂದು ಕೇಳಿದ ಪೊಖರಾದ ಹುಡುಗ ಬಿಶೇಷ.
ನಮ್ಮ ಕಡೆಯ ಸೂತಕದ ಲೆಕ್ಕ ಹಿಡಿದು
ಹತ್ತು ದಿನ ಕೊಟ್ಟೆ.
ಯಾವ ನಿಯಮ ಅಂತ ಈವರೆಗೆ ಯಾರೂ ಕೇಳಿಲ್ಲ.

ಇದಕ್ಕೂ ಮೊದಲು ಹಿರೇಕೆರೂರಿನ ತಾಲೂಕು ಕಚೇರಿಯಲ್ಲಿ
ಎರಡು ವರ್ಷ ರಿಜಿಸ್ಟರು ಬರೆದಿದ್ದೇನೆ.
ಕ್ರಮಸಂಖ್ಯೆ, ಹೆಸರು, ಸರ್ವೆ ನಂಬರು,
ಎಲ್ಲ ಮುಗಿದ ಮೇಲೆ ಬಲ ಅಂಚಿಗೆ
ಇಕ್ಕಟ್ಟಿನ ಒಂದು ಕಾಲಂ: ಷರಾ.
ಅದರೊಳಗೆ ಶಿರಸ್ತೇದಾರ ಮಾಲತೇಶಪ್ಪನವರು
ಇರುವೆಸಾಲಿನಂಥ ಅಕ್ಷರದಲ್ಲಿ ತುರುಕುತ್ತಿದ್ದರು:
'ಅರ್ಜಿದಾರಳಿಗೆ ಕಿವಿ ಮಂದ. ಎರಡು ಸಲ ಕೂಗಬೇಕು.'
'ಸದರಿಯವರು ನಡೆದೇ ಬರುತ್ತಾರೆ. ಬಂದರೆ ಕುರ್ಚಿ ಕೊಡಿ.'

ಇಲ್ಲಿನ ತಂತ್ರಾಂಶದಲ್ಲಿ ಷರಾ ಇಲ್ಲ.

ಗುರುವಾರ ಗುರುವಾರ ದೊಮಿಂಗಸ್ ಬರುತ್ತಾಳೆ.
ತಿಮೋರಿನವಳು. ಅಲ್ಲಿ ಹಣಕಾಸು ಇಲಾಖೆಯಲ್ಲಿ
ಅವಳ ಸಹಿಯಿಲ್ಲದೆ ಒಂದು ರಸ್ತೆಯೂ ಆಗುವುದಿಲ್ಲವಂತೆ.
ಇಲ್ಲಿ ಕೇಳುವುದು ಒಂದೇ: ಸ್ಟೇಪ್ಲರ್ ಇದೆಯಾ?
ಕೊಡುತ್ತೇನೆ. ಎರಡು ಹಾಳೆ ಜೋಡಿಸಿ, ಮೂಲೆ ಸರಿಮಾಡಿ,
ಟಕ್.
ತಕ್ಷಣ ಹೊರಡುವುದಿಲ್ಲ.
ಹೀಟರಿಗೆ ಬೆನ್ನು ಕೊಟ್ಟು, ಬಸ್ಸು ತಡ, ಅನ್ನುತ್ತಾಳೆ.
ಕಿಟಕಿಯಾಚೆ ನೀಲಗಿರಿ ಮರಕ್ಕೆ
ಮ್ಯಾಗ್‌ಪೈ ಹಕ್ಕಿಯೊಂದು ಗೂಡು ಕಟ್ಟಲೆಂದು
ತಂತಿಯ ತುಂಡು ಹೊತ್ತೊಯ್ಯುವುದನ್ನು ನೋಡುತ್ತಾಳೆ.

ಏಳನೆಯ ಗುರುವಾರ ಹೊಳೆಯಿತು ನನಗೆ, ದಡ್ಡಿಗೆ:
ಈ ಶಾಲೆಗೆ ಕಾಗದ ಸಲ್ಲಿಸುವುದು ನಿಂತು ಆರು ವರ್ಷ.
ಎಲ್ಲ ಆನ್‌ಲೈನು. ಪಿನ್ನು ಯಾರಿಗೂ ಬೇಡ.
ಅವಳ ಕೈಯಲ್ಲಿದ್ದದ್ದು ಅವೇ ಎರಡು ಹಾಳೆ,
ಮೂಲೆಯಲ್ಲಿ ಒಂದರ ಕೆಳಗೊಂದು
ಆರು ಪಿನ್ನು.

ಕೇಳಬಹುದಿತ್ತು. ತರಬೇತಿಯಲ್ಲಿ ಕಲಿಸಿದ್ದಾರೆ:
ಮೃದು ದನಿ, ತುಸು ಓರೆ ಕುರ್ಚಿ, ಟಿಶ್ಯೂ ಎಡಗಡೆ.
ನನ್ನ ಬಾಯಿಗೆ ಬಂದದ್ದು ಬೇರೆ:
ಪಿನ್ನು ಮುಗೀತಾ ಬಂತು, ಒಂದಿಷ್ಟು ತುಂಬಿಕೊಡ್ತೀಯಾ?

ಕೌಂಟರಿನ ಈಚೆ ಬಂದು ಕೂತಳು.
ಪಿನ್ನಿನ ಪಟ್ಟಿ ಮುರಿಯುತ್ತ, ಮತ್ತೆ ಜೋಡಿಸುತ್ತ
ಶುರುಮಾಡಿದ್ದು ಇಂಗ್ಲಿಷಿನಲ್ಲಿ,
ಎರಡನೇ ವಾಕ್ಯಕ್ಕೆ ಅದು ಸಾಲದೆ ಬಂತು.
ಮುಂದಿನ ಅರ್ಧ ಗಂಟೆ ತೇತುಂ ಭಾಷೆ.
ನನಗೆ ಒಂದಕ್ಷರ ತಿಳಿಯದು.
ಕಥೆ ಕೇಳುವ ಮಕ್ಕಳ ಹಾಗೆ ಹೂಂಗುಟ್ಟುತ್ತ ಹೋದೆ,
ದನಿ ಏರಿದಲ್ಲಿ ಹೂಂ,
ಇಳಿದಲ್ಲಿ ಇನ್ನೂ ಮೆಲ್ಲಗೆ ಹೂಂ.
ನಡುವೆ ಒಮ್ಮೆ ಅವಳು ನಕ್ಕಳು. ನಾನೂ ನಕ್ಕೆ.
ತಪ್ಪು ಜಾಗದಲ್ಲಿ ನಕ್ಕೆನೇನೋ, ಗೊತ್ತಿಲ್ಲ.

ತಿಂಗಳ ಕೊನೆಗೆ ಗ್ಲೆನಿಸ್ ವರದಿ ತಿರುವಿ ಕೇಳಿದಳು:
ಗುರುವಾರದ ಈ ಅರ್ಧ ಗಂಟೆ ಯಾವ ಸೇವೆಯಡಿ ಬರುತ್ತದೆ?
'ಲೇಖನ ಸಾಮಗ್ರಿ' ಎಂದು ನಮೂದಿಸಿದೆ.

ನಾಳೆ ನಾನಿಲ್ಲದ ದಿನ ಬಂದವರಿಗೆ ಇರಲೆಂದು
ಹಳದಿ ಚೀಟಿಯೊಂದನ್ನು ಕೀಬೋರ್ಡಿನ ಅಡಿಗೆ ಅಂಟಿಸಿದ್ದೇನೆ,
ಓದುವವರು ಯಾರೆಂದು ಯೋಚಿಸದೆ, ಕನ್ನಡದಲ್ಲೇ:
'ಸ್ಟೇಪ್ಲರ್ ಕೇಳಿದರೆ ಕುರ್ಚಿ ಕೊಡಿ.'
ಒರೆಸಲೆಂದು ಎತ್ತಿದ ಗ್ಲೆನಿಸ್ ಕಣ್ಣು ಕಿರಿದು ಮಾಡಿ
ಏನಿದು, ಅಂದಳು.
ಪಾಸ್‌ವರ್ಡು, ಅಂದೆ.
ಬೈದಳು, ಅದನ್ನೆಲ್ಲ ಹೀಗೆ
ಬರೆದಿಡಬಾರದು ಅಂತ.